ಬಿಡುತ್ತೇನೆಂದು ಹೇಳಲು ಹೋದದ್ದು

ಮಕ್ಕಳೇ, ಮಾಡಿದ ಕೆಲಸ ತೋರಿಸುವುದಕ್ಕಿಂತ ಮಾಡದ ಕೆಲಸ ಮುಚ್ಚಿಡುವುದರಲ್ಲೇ ನನ್ನ ಆಯಸ್ಸು ಹೆಚ್ಚು ಸವೆದಿದೆ. ಮೂರನೇ ಕ್ಲಾಸಿನಲ್ಲಿ ಹದಿಮೂರರ ಮಗ್ಗಿ ಬಾರದೆ ನಾಲ್ಕು ದಿನ ಹುಲ್ಲಿನ ಬಣವೆಯ ಹಿಂದೆ ಅವಿತು ಕೂತಿದ್ದೆ. ಐದನೇ ದಿನ ಮೇಷ್ಟ್ರೇ ಅಲ್ಲಿಗೆ ಬಂದರು. ನನ್ನನ್ನು ಹುಡುಕಿಕೊಂಡಲ್ಲ, ಬೀಡಿ ಸೇದಲು. ಇಬ್ಬರೂ ಯಾರಿಗೂ ಹೇಳಲಿಲ್ಲ.

ಈ ವಯಸ್ಸಿನಲ್ಲಿ ಮತ್ತೆ ಅವಿತುಕೊಳ್ಳುವ ಕಾಲ ಬಂತು. ನಿಮ್ಮ ತಾತ ಹೋದ ಸುದ್ದಿ ನನಗೆ ಬಂದದ್ದು ಫೋನಿನಲ್ಲಿ. ಅಂದಿನಿಂದ ಅದು ಬಡಿದುಕೊಂಡರೆ ನನ್ನ ಎದೆಯೂ ಜೊತೆಗೇ ಬಡಿದುಕೊಳ್ಳುತ್ತದೆ. ಎತ್ತಿದರೆ ಇನ್ಯಾರ ಸುದ್ದಿಯೋ ಎಂದು ಟವೆಲಿನಲ್ಲಿ ಸುತ್ತಿ ರಾಗಿ ಡಬ್ಬಿಯೊಳಗೆ ಇಡುತ್ತಿದ್ದೆ. ನೀವು ಪಕ್ಕದ ಮನೆಗೆ ಫೋನ್ ಮಾಡಿ, ಅವರು ಗೋಡೆಯಾಚೆಯಿಂದ "ಎತ್ತವ್ವ, ನಿನ್ನ ಮೊಮ್ಮಗಳು ಅಳ್ತಾ ಕುಂತೈತೆ" ಎಂದು ಕೂಗಿದರೂ ಕೈ ಏಳಲಿಲ್ಲ. ಹೀಗೇ ಆದರೆ ನಿಮ್ಮ ದನಿಯೇ ನನಗೆ ಮರೆತುಹೋದೀತೆಂಬ ಭಯ ಬೇರೆ.

ಕೊನೆಗೆ ನಿಮ್ಮ ಅಮ್ಮ ಹೊಳಲ್ಕೆರೆಯಿಂದ ದುರ್ಗದ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಮಾತ್ರೆ ಕೊಡದೆ ಮಾತಾಡಿಸಿಯೇ ವಾಸಿ ಮಾಡುವ ಮೇಡಂ ಒಬ್ಬರಿದ್ದಾರೆ. ಪ್ರತಿ ಗುರುವಾರ ಹೋಗಬೇಕು. "ವಾರದಾಗೆ ಮೂರು ಸಲ ಫೋನ್ ಎತ್ರಿ ಅಮ್ಮ. ಎತ್ತೋಕೆ ಮುಂಚೆ ಎಷ್ಟು ಭಯ ಇತ್ತು, ಆಮೇಲೆ ಎಷ್ಟಿತ್ತು, ಬರ್ಕಂಬರ್ರಿ" ಎಂದು ನೋಟ್‌ಬುಕ್ ಕೊಟ್ಟರು. ಮನೆಗೆ ಬಂದು ಅದಕ್ಕೆ ಹೊದಿಕೆ ಹಾಕಿದೆ, ಮಾರ್ಜಿನ್ ಗೆರೆ ಎಳೆದೆ, ದುಂಡಗೆ ಹೆಸರು ಬರೆದೆ. ಅಷ್ಟೇ.

ಖಾಲಿ ಪುಸ್ತಕ ಹಿಡಿದು ಹೇಗೆ ಹೋಗಲಿ? ಒಂದು ಗುರುವಾರ ಕಾಲುನೋವೆಂದೆ. ಇನ್ನೊಂದು ಗುರುವಾರ ಬಸ್ಸು ತಪ್ಪಿತು. ತಪ್ಪುವಷ್ಟು ನಿಧಾನವಾಗಿ ನಾನೇ ನಡೆದಿದ್ದೆ. ಮೇಡಂ ಫೋನ್ ಮಾಡಿದರಂತೆ. ಅದನ್ನು ಎತ್ತುವಂತಿದ್ದರೆ ಅವರ ಹತ್ತಿರ ಹೋಗುವ ಅಗತ್ಯವೇನಿತ್ತು?

ಬಿಟ್ಟೇಬಿಡೋಣ ಎಂದುಕೊಂಡೆ. ಆದರೆ ಹೇಳದೆ ಬಿಟ್ಟರೆ ಪಾಪ, ಆ ಮೇಡಂ ಹುಡುಗಿ ಕಾಯುತ್ತಾಳೆ. ಫೋನಿನಲ್ಲಿ ಹೇಳುವುದು ಆಗದ ಮಾತು. ಮರುವಾರ ಬಸ್ಸು ಹತ್ತಿದೆ.

ಆಸ್ಪತ್ರೆಯ ಸಾಲಿನಲ್ಲಿ ನನ್ನ ಪಕ್ಕಕ್ಕೆ ಕಂಬಳಿ ಹೊದ್ದ ಕುರಿಗಾಹಿ ಹಿರಿಯರೊಬ್ಬರು ಕೂತಿದ್ದರು. "ಏನವ್ವ, ನೀನೂ ತೋರ್ಸಾಕಾ?"

"ಇಲ್ಲಣ್ಣ, ಇನ್ನು ಬರಲ್ಲ ಅಂತ ಹೇಳಾಕೆ."

ಅವರು ನನ್ನನ್ನೇ ನೋಡಿದರು. "ತಪ್ಪಿಸ್ಕಳಾ ಕುರಿ ಯಾವತ್ತಾದ್ರೂ ಹೇಳಿ ಹೋಗ್ತೈತೇನವ್ವ?"

ಒಳಗೆ ಮೇಡಂ ಖಾಲಿ ಪುಸ್ತಕ ನೋಡಿ ಬೈಯಲಿಲ್ಲ. "ಕುಂತ್ಕಳ್ರಿ. ಯಾಕೆ ಬಿಡ್ತೀರಿ, ಹೇಳ್ರಿ" ಎಂದರು. ಬಸ್ಸಿನ ನೂಕುನುಗ್ಗಲಿನಿಂದ ಶುರುಮಾಡಿದೆ. ಆಸ್ಪತ್ರೆಯ ಮೆಟ್ಟಿಲು ಹತ್ತುವ ಕಷ್ಟ ಹೇಳಿದೆ, ಪುಸ್ತಕದ ನಾಚಿಕೆ ಹೇಳಿದೆ. ಹೇಳುತ್ತಾ ಹೇಳುತ್ತಾ ನಿಮ್ಮ ತಾತ ಹೋದ ದಿನದ ಮಾತು ಬಂತು. ಅವತ್ತು ಫೋನ್ ಬಂದಾಗ ರೊಟ್ಟಿ ಹೆಂಚಿನ ಮೇಲಿತ್ತು. "ತಡೀರಿ, ರೊಟ್ಟಿ ಸೀಯ್ತೈತೆ" ಎಂದು ಆ ಸುದ್ದಿಯನ್ನು ಕಾಯಿಸಿ, ರೊಟ್ಟಿ ತಿರುವಿ ಹಾಕಿ ಬಂದು ಕೇಳಿದ್ದೆ. ಇದನ್ನು ನಿಮ್ಮ ಅಮ್ಮನಿಗೂ ಹೇಳಿರಲಿಲ್ಲ.

ಮೇಡಂ ಆ ಖಾಲಿ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ, "ಕಾರಣ ಮುಗಿದ್ವಾ ಅಮ್ಮ?" ಎಂದರು.

"ಎಲ್ಲಿ, ಅರ್ಧನೂ ಆಗಿಲ್ಲ."

"ಹಂಗಾದ್ರೆ ಉಳಿದವನ್ನ ಮುಂದಿನ ಗುರುವಾರ ಹೇಳ್ರಿ. ಪೂರ್ತಿ ಕೇಳ್ದೆ ಬಿಡಾಕೆ ನಾನು ಒಪ್ಪಲ್ಲ."

ಹೀಗೆ ಬಿಡುವುದಕ್ಕೆಂದೇ ಆರು ವಾರದಿಂದ ತಪ್ಪದೆ ಹೋಗುತ್ತಿದ್ದೇನೆ. ಮೊನ್ನೆ ನಿಮ್ಮ ಫೋನನ್ನು ಎತ್ತಿದ್ದೂ ಆಯಿತು. ಮಾತು ಹೊರಡದಿದ್ದರೂ ನನ್ನ ಉಸಿರು ಕೇಳಿ ನೀವು ನಕ್ಕಿರಿ. ಈಗ ಬೇರೆಯೇ ಚಿಂತೆ ಹತ್ತಿದೆ. ಹೇಳಬೇಕಾದ ಕಾರಣಗಳಲ್ಲಿ ಇನ್ನು ಎರಡೇ ಉಳಿದಿವೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೊಸದೇನಾದರೂ ಹೊಳೆಯುತ್ತದೆಯೋ ಎಂದು ಯೋಚಿಸುತ್ತಿರುತ್ತೇನೆ.