ತಂಪಣ್ಣನ ಬಿಸಿ ಓಣಿ

ತಂಪಣ್ಣ ಮಾಡಿದ್ದು ಇಷ್ಟೇ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಂಟ್ರೋಲ್ ರೂಮಿನಲ್ಲಿ ಕೂತು, ಹಿಂದಿನ ಗೋಡೆಯ ಆರು ದೊಡ್ಡ ಫ್ಯಾನುಗಳ ವೇಗವನ್ನು ಅರ್ಧಕ್ಕೆ ಇಳಿಸಿದ. ಇಳಿಸಿ, ಟೀ ಕುಡಿದ. ಮಧ್ಯಾಹ್ನದ ಹೊತ್ತಿಗೆ ಅವನ ಗ್ರಹಚಾರ ಕೆಟ್ಟಿತ್ತು.

ತಂಪಣ್ಣ ಎಂಬುದು ಸಹೋದ್ಯೋಗಿಗಳು ಇಟ್ಟ ಹೆಸರು. ಅವನು ಡೇಟಾ ಸೆಂಟರಿನಲ್ಲಿ ಸಹಾಯಕ ಎಂಜಿನಿಯರ್, ಯಂತ್ರಗಳನ್ನು ತಂಪಾಗಿಡುವುದು ಅವನ ಕೆಲಸ. ಆ ಕಟ್ಟಡದೊಳಗೆ ಸಾಲು ಸಾಲು ಕಪಾಟುಗಳಲ್ಲಿ ನಾಲ್ಕು ಸಾವಿರ ಕಂಪ್ಯೂಟರುಗಳು ಬಿಡುವಿಲ್ಲದೆ ಗುಂಯ್‌ಗುಡುತ್ತಿದ್ದವು. ಆಸ್ಪತ್ರೆಗಳ ದಾಖಲೆ, ರೈಲಿನ ಟಿಕೆಟ್ಟು, ಜನ ಒಮ್ಮೆ ತೆಗೆದು ಮತ್ತೆಂದೂ ನೋಡದ ಫೋಟೋಗಳು, ಎಲ್ಲ ಅವುಗಳ ಹೊಟ್ಟೆಯಲ್ಲಿದ್ದವು. ಅಷ್ಟನ್ನು ಹೊತ್ತ ಮೇಲೆ ಮೈ ಬಿಸಿಯಾಗದೆ ಇರುತ್ತದೆಯೇ? ಆದ್ದರಿಂದ ಕಪಾಟುಗಳ ಮುಂದಿನ ಓಣಿಗೆ ಹೊರಗಿನ ತಂಪು ಗಾಳಿಯನ್ನು ಸೋಸಿ ಬಿಡುತ್ತಿದ್ದರು. ಅದು ಯಂತ್ರಗಳ ಮೂಲಕ ಹಾಯ್ದು, ಬಿಸಿಯಾಗಿ, ಹಿಂದಿನ ಓಣಿಗೆ ಬರುತ್ತಿತ್ತು. ಅಲ್ಲಿಂದ ಫ್ಯಾನುಗಳು ಅದನ್ನು ಗೋಡೆಯ ಜಾಲರಿಯ ಮೂಲಕ ಹೊರಕ್ಕೆ ತಳ್ಳುತ್ತಿದ್ದವು. ಮುಂದಿನದು ತಂಪು ಓಣಿ, ಹಿಂದಿನದು ಬಿಸಿ ಓಣಿ. ಇವೆರಡರ ಗಾಳಿಯನ್ನು ಮಾತುಬಿಟ್ಟ ಅಣ್ಣತಮ್ಮಂದಿರ ಹಾಗೆ ದೂರ ದೂರ ಇಡುವುದರಲ್ಲೇ ತಂಪಣ್ಣನ ಹತ್ತು ವರ್ಷ ಸವೆದಿತ್ತು.

ಈಚೆಗೆ ಎರಡು ತಿಂಗಳು ಅವನು ಮಂಡಿಯೂರಿ ಕೂತು, ಕಪಾಟುಗಳ ನಡುವಿನ ಒಂದೊಂದು ಸಂದನ್ನೂ ಮುಚ್ಚಿದ್ದ. ಸಂದಿಲ್ಲದ ಮೇಲೆ ಗಾಳಿ ಪೋಲಾಗುವುದಿಲ್ಲ. ಪೋಲಾಗದ ಮೇಲೆ ಫ್ಯಾನುಗಳು ಅಷ್ಟು ಜೋರಾಗಿ ತಿರುಗಬೇಕಿಲ್ಲ. ವೇಗ ಅರ್ಧವಾದರೆ ಫ್ಯಾನಿನ ವಿದ್ಯುತ್ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ ಎಂಬುದನ್ನು ಅವನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿ, ಎಲ್ಲರೂ ಅವನ ಮೇಜಿನಿಂದ ಎದ್ದು ಹೋಗುವಂತೆ ಮಾಡಿದ್ದ. ಅಂದು ಮೂರು ಗಂಟೆಗೆ ಪರಿಶೀಲನಾಧಿಕಾರಿ ಬರುವವರಿದ್ದರು. ಅವರು ಮೆಚ್ಚಿ ಪ್ರಮಾಣಪತ್ರ ಕೊಟ್ಟರೆ, ಆರು ತಿಂಗಳಿಂದ ಖಾಲಿ ಇದ್ದ ಮುಖ್ಯ ಎಂಜಿನಿಯರ್ ಹುದ್ದೆ ತಂಪಣ್ಣನದು ಎಂದು ಮ್ಯಾನೇಜರು ಬಾಯಿಮಾತಿನಲ್ಲಿ ಹೇಳಿದ್ದರು. ಆ ಹುದ್ದೆಗೆ ಒಂದು ಕೋಣೆಯಿತ್ತು. ಕೋಣೆಗೆ ಬಾಗಿಲಿತ್ತು. ತಂಪಣ್ಣನಿಗೆ ಮುಖ್ಯವಾಗಿ ಬೇಕಾಗಿದ್ದದ್ದು ಆ ಬಾಗಿಲು.

ಯಾಕೆಂದರೆ ಅವನು ಮನೆಯಳಿಯ. ಅತ್ತೆ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೂವತ್ತು ವರ್ಷ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ನಿವೃತ್ತಿಯ ಸುದ್ದಿ ಅವರ ನಾಲಿಗೆಗೆ ಇನ್ನೂ ತಲುಪಿರಲಿಲ್ಲ. ತಂಪಣ್ಣ ಸ್ನಾನಕ್ಕೆ ಎಷ್ಟು ನೀರು ಬಳಸಬೇಕು, ಚಪ್ಪಲಿಯನ್ನು ಯಾವ ದಿಕ್ಕಿಗೆ ಮುಖ ಮಾಡಿ ಬಿಡಬೇಕು, ಕೆಮ್ಮಿದರೆ ಎಷ್ಟು ಸಲ ಕೆಮ್ಮಬೇಕು, ಎಲ್ಲಕ್ಕೂ ಅವರಲ್ಲಿ ಒಂದು ಕ್ರಮವಿತ್ತು. ಹೆಂಡತಿಯ ಹತ್ತಿರ ಹೇಳಿಕೊಂಡರೆ ಅವಳು, ಅಮ್ಮ ಹೇಳೋದ್ರಲ್ಲಿ ಏನು ತಪ್ಪಿದೆ ಎಂದು ಕೇಳುತ್ತಿದ್ದಳು. ತಪ್ಪೇನೂ ಇರುತ್ತಿರಲಿಲ್ಲ. ಅದೇ ಅವನ ಸಂಕಟ. ಅವನಿಗೆ ಯಾರೂ ಏನೂ ಹೇಳಿಕೊಡದ ಜಾಗವೆಂದರೆ ಜಗತ್ತಿನಲ್ಲಿ ಡೇಟಾ ಸೆಂಟರೊಂದೇ.

ಹನ್ನೆರಡೂವರೆಗೆ ಗೇಟಿನ ಕಾವಲುಗಾರ ಫೋನು ಮಾಡಿದ.

"ಸರ್, ನಿಮ್ಮ ಅತ್ತೆಯವ್ರು ಬಂದಿದ್ದಾರೆ. ಜೊತೆಗೆ ಹದಿನಾಲ್ಕು ಜನ ಇದ್ದಾರೆ. ಬಕೆಟ್ಟೂ ಇವೆ."

ತಂಪಣ್ಣ ಓಡಿಹೋಗಿ ನೋಡಿದಾಗ ವಿಷಯ ತಿಳಿಯಿತು. ಡೇಟಾ ಸೆಂಟರಿನ ಹಿಂದೆಯೇ ಅತ್ತೆಯ ಮನೆಯಿದ್ದ ವಸತಿ ಕಟ್ಟಡ. ಹತ್ತು ದಿನಗಳಿಂದ ಬಿಸಿಲಿನ ಸುಳಿವಿರಲಿಲ್ಲ. ಆದರೂ ಆ ಕಟ್ಟಡದಲ್ಲಿ ಯಾರ ಬಟ್ಟೆಯೂ ಹಸಿಯಾಗಿ ಉಳಿದದ್ದಿಲ್ಲ, ಯಾಕೆಂದರೆ ಇಡೀ ಕಟ್ಟಡದವರು ಎಷ್ಟೋ ವರ್ಷಗಳಿಂದ ಡೇಟಾ ಸೆಂಟರಿನ ಹಿಂದಿನ ಜಾಲರಿಗೆ ಎದುರಾಗಿ ಹಗ್ಗ ಕಟ್ಟಿ ಬಟ್ಟೆ ಒಣಗಿಸಿಕೊಳ್ಳುತ್ತಿದ್ದರು. ದಿನವೂ ಮುಂದಿನ ಗೇಟಿನಿಂದಲೇ ಹೋಗಿ ಬರುವ ತಂಪಣ್ಣನಿಗೆ ಇದು ಗೊತ್ತೇ ಇರಲಿಲ್ಲ. ಇಂದು ಬೆಳಿಗ್ಗೆ ಒಂಬತ್ತಕ್ಕೆ ಇದ್ದಕ್ಕಿದ್ದಂತೆ ಗಾಳಿಯ ಬಿರುಸು ನಿಂತಿತ್ತಂತೆ. ಅತ್ತೆ ಜಾಲರಿಯ ಮುಂದೆ ಅಂಗೈ ಹಿಡಿದು ನೋಡಿ, ಇದು ನಮ್ಮ ಅಳಿಯಂದಿರ ಕೆಲಸವೇ ಎಂದು ತೀರ್ಮಾನಿಸಿದ್ದರು.

ಪಕ್ಕದಲ್ಲಿ ಅದೇ ಕಟ್ಟಡದ ಬ್ಯಾಂಡ್ ಮಾಸ್ತರು ಅಳುಮುಖ ಹಾಕಿಕೊಂಡು ನಿಂತಿದ್ದರು. ನಾಲ್ಕು ಗಂಟೆಗೆ ಹೊಸ ಸೇತುವೆಯ ಉದ್ಘಾಟನೆಯಲ್ಲಿ ಅವರ ತಂಡ ನುಡಿಸಬೇಕಿತ್ತು. ಹದಿನಾಲ್ಕು ಜನರ ಕೆಂಪು ಕೋಟು, ಬಿಳಿ ಪ್ಯಾಂಟು ಎಲ್ಲ ನೀರಲ್ಲಿ ನೆನೆದ ರೊಟ್ಟಿಯಂತಾಗಿದ್ದವು. ಒಣಗಿಸಿಕೊಡುವ ಜವಾಬ್ದಾರಿಯನ್ನು ಅತ್ತೆ ವಹಿಸಿಕೊಂಡಿದ್ದರು.

ಒಂದೇ ಒಂದು ಗಂಟೆ ಫ್ಯಾನುಗಳನ್ನು ಮೊದಲಿನ ಹಾಗೆ ಬಿಡಬೇಕೆಂದು ಅತ್ತೆ ಹೇಳಿದರು. ಇವತ್ತಿನ ವಿದ್ಯುತ್ತಿನ ಪಟ್ಟಿಯನ್ನು ಅಧಿಕಾರಿ ನಿಮಿಷ ನಿಮಿಷಕ್ಕೂ ನೋಡುತ್ತಾರೆ, ಸಾಧ್ಯವೇ ಇಲ್ಲ ಎಂದು ತಂಪಣ್ಣ ಹೇಳಿದ. ಮದುವೆಯಾದ ಮೇಲೆ ಅವನು ಅತ್ತೆಗೆ ಇಲ್ಲ ಎಂದದ್ದು ಅದೇ ಮೊದಲು.

ಅತ್ತೆ ಕೋಪಿಸಿಕೊಳ್ಳಲಿಲ್ಲ. "ಒಳಗೆ ಇನ್ನೂ ಬಿಸಿ ಇರುತ್ತಾ?" ಎಂದು ಕೇಳಿದರು.

ಬಾಯಿ ಮುಚ್ಚಿಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನ ವಿಷಯವನ್ನು ಹತ್ತು ವರ್ಷದಲ್ಲಿ ಯಾರೂ ಆಸಕ್ತಿಯಿಂದ ಕೇಳಿರಲಿಲ್ಲ. ತಂಪಣ್ಣ ಉಬ್ಬಿಹೋಗಿ, ಬಿಸಿ ಓಣಿಯಲ್ಲಿ ಮೂವತ್ತೆಂಟು ಡಿಗ್ರಿ ಇರುತ್ತದೆ, ಅಲ್ಲಿಯ ಗಾಳಿ ಹೊರಗಷ್ಟೇ ಹೋಗುತ್ತದೆ, ಯಂತ್ರಗಳ ಕಡೆಗೆ ಮರಳಿ ಬರುವುದೇ ಇಲ್ಲ ಎಂದೆಲ್ಲ ವಿವರಿಸಿದ.

"ಹಾಗಾದ್ರೆ ತೇವವೂ ಹೊರಗೇ ಹೋಗುತ್ತೆ," ಎಂದರು ಅತ್ತೆ. "ನಡೀರಿ."

ಕಾವಲುಗಾರ ತಡೆಯುತ್ತಾನೆ ಎಂದು ತಂಪಣ್ಣ ನೆಚ್ಚಿಕೊಂಡಿದ್ದ. ಆದರೆ ಒಂದು ಬಕೆಟ್ಟಿನಲ್ಲಿ ಕಾವಲುಗಾರನದೇ ಇನ್ನೊಂದು ಜೊತೆ ಸಮವಸ್ತ್ರವಿತ್ತು. ಅವನು ಗೇಟನ್ನು ತೆರೆದದ್ದಲ್ಲದೆ ಬಕೆಟ್ಟಿಗೆ ಕೈಯನ್ನೂ ಹಚ್ಚಿದ.

ಅರ್ಧ ಗಂಟೆಯೊಳಗೆ ಬಿಸಿ ಓಣಿಯ ರೂಪವೇ ಬದಲಾಯಿತು. ಅತ್ತೆ ಈ ತುದಿಯಿಂದ ಆ ತುದಿಗೆ ಹಗ್ಗ ಕಟ್ಟಿಸಿದರು. ಎದುರಿಗೆ ಕೋಟುಗಳು, ಅದರ ಹಿಂದೆ ಪ್ಯಾಂಟುಗಳು, ಕೊನೆಗೆ ಅಕ್ಕಪಕ್ಕದವರ ಬೆಡ್‌ಶೀಟುಗಳು. ಸಂಗೀತಗಾರರು ಬನಿಯನ್ನಿನಲ್ಲಿ ಸಾಲಾಗಿ ಕೂತು ಕ್ಲಿಪ್ಪು ಒದಗಿಸಿದರು. ಎರಡು ಗಂಟೆಗೆ ಎಲ್ಲ ತೆಗೆದುಬಿಡುತ್ತೇವೆ ಎಂಬ ಮಾತಿತ್ತು. ನೋಡನೋಡುತ್ತ ಗಂಟೆ ಒಂದೂ ಮುಕ್ಕಾಲಾಯಿತು.

ಒಂದು ಐವತ್ತಕ್ಕೆ ಮ್ಯಾನೇಜರು ಫೋನು ಮಾಡಿ, ಅಧಿಕಾರಿಯವರು ಬೇಗ ಬಂದುಬಿಟ್ಟಿದ್ದಾರೆ, ಮೊದಲು ಬಿಸಿ ಓಣಿಯನ್ನೇ ನೋಡುತ್ತಾರಂತೆ ಎಂದರು.

ತಂಪಣ್ಣನ ಬಾಯಿ ಒಣಗಿತು. ಅಂದು ಆ ಕಟ್ಟಡದಲ್ಲಿ ಪೂರ್ತಿ ಒಣಗಿದ ಮೊದಲ ವಸ್ತು ಅದೇ. ಅವನು ಕಂಟ್ರೋಲ್ ರೂಮಿನಿಂದ ಓಡುವಷ್ಟರಲ್ಲಿ ಪರದೆಯ ಮೇಲೆ ಕೆಂಪು ದೀಪ ಹತ್ತಿತು: ಬಿಸಿ ಓಣಿಯಲ್ಲಿ ತೇವಾಂಶ ವಿಪರೀತ. ಓಡುತ್ತಿರುವಾಗಲೇ ಎರಡನೆಯ ದೀಪವೂ ಹತ್ತಿತು: ಮೂರನೆಯ ಫ್ಯಾನಿಗೆ ಉಸಿರುಗಟ್ಟಿದೆ.

ಎರಡನೆಯದಕ್ಕೆ ಕಾರಣ ದೊಡ್ಡ ಡೋಲು ಬಾರಿಸುವವನ ಪ್ಯಾಂಟು. ಆ ಮನುಷ್ಯ ಡೋಲಿಗಿಂತ ಒಂದು ಸುತ್ತು ದೊಡ್ಡವನು. ಅವನ ಪ್ಯಾಂಟು ಅರ್ಧ ಒಣಗಿ ಹಗುರವಾಗಿ, ಕ್ಲಿಪ್ಪು ಬಿಡಿಸಿಕೊಂಡು ಹಾರಿ, ಮೂರನೆಯ ಫ್ಯಾನಿನ ಜಾಲರಿಗೆ ಅಂಗಾತ ಅಂಟಿಕೊಂಡಿತ್ತು. ಡೋಲಿನವನು ಅದರ ಒಂದು ಕಾಲು ಹಿಡಿದು ಎಳೆಯುತ್ತಿದ್ದ. ಫ್ಯಾನು ಇನ್ನೊಂದು ಕಾಲನ್ನು ಬಿಡುತ್ತಿರಲಿಲ್ಲ. ಅದೇ ಹೊತ್ತಿಗೆ ಓಣಿಯ ಬಾಗಿಲು ತೆರೆದು, ಮ್ಯಾನೇಜರು ಮತ್ತು ಅವರ ಹಿಂದೆ ದಪ್ಪ ಕನ್ನಡಕದ, ನೋಟ್‌ಬುಕ್ ಹಿಡಿದ ಅಧಿಕಾರಿ ಮಹಿಳೆ ಒಳಗೆ ಬಂದರು.

ಮ್ಯಾನೇಜರು ಎದುರಿನ ಕೋಟುಗಳನ್ನು ನೋಡಿದರು, ಬನಿಯನ್ನಿನ ಹದಿನಾಲ್ಕು ಜನರನ್ನು ನೋಡಿದರು, ಕೊನೆಗೆ ತಂಪಣ್ಣನನ್ನು ನೋಡಿದರು. ಅಷ್ಟರಲ್ಲಿ ಮೂರನೆಯ ಫ್ಯಾನು ಕೊಸರಾಡಿ ನಿಂತೇಬಿಟ್ಟಿತು.

ಆಗ ಓಣಿಯ ತುದಿಯಲ್ಲಿ, ಈವರೆಗೆ ಸುಮ್ಮನಿದ್ದ ಏಳನೆಯ ಫ್ಯಾನು ಗುರ್ರೆಂದು ತಾನಾಗಿಯೇ ಎದ್ದು ತಿರುಗತೊಡಗಿತು. ಆರರಲ್ಲಿ ಒಂದು ನಿಂತರೆ ಕೂಡಲೇ ಕೆಲಸಕ್ಕೆ ಬರಲಿ ಎಂದು ತಂಪಣ್ಣನೇ ಇಟ್ಟಿದ್ದ ಮೀಸಲು ಫ್ಯಾನು ಅದು. ಯಂತ್ರಗಳ ಶಾಖ ಅರ್ಧ ಡಿಗ್ರಿಯೂ ಏರಲಿಲ್ಲ.

ಅಧಿಕಾರಿ ಗಡಿಯಾರ ನೋಡಿ, "ಹನ್ನೊಂದು ಸೆಕೆಂಡು," ಎಂದು ಬರೆದುಕೊಂಡರು. "ನೀವು ನನ್ನೆದುರಿಗೇ ಫ್ಯಾನು ನಿಲ್ಲಿಸಿ ತೋರಿಸ್ತಿದ್ದೀರಾ? ಎಲ್ಲರೂ ಕಾಗದದಲ್ಲಿ ತೋರಿಸ್ತಾರೆ."

ಹೌದು ಎಂದು ಹೇಳಿದವನು ಡೋಲಿನವನು. ಅವನಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ, ಆದರೆ ಪ್ಯಾಂಟಿಲ್ಲದೆ ನಿಂತಿರುವಾಗ ಹೌದು ಎಂದು ಬಿಡುವುದು ಕ್ಷೇಮವೆಂದು ತೋಚಿತ್ತು.

ಆಮೇಲೆ ಅಧಿಕಾರಿ ಬಟ್ಟೆಗಳ ಸಾಲಿನತ್ತ ಹೊರಳಿ, ಇವನ್ನು ಇಷ್ಟು ಒತ್ತೊತ್ತಾಗಿ ಹಾಕಿದ್ದು ಯಾಕೆ ಎಂದು ಕೇಳಿದರು. ತಂಪಣ್ಣ ಬಾಯಿ ತೆರೆದ. ಉತ್ತರಿಸಿದವರು ಅತ್ತೆ.

"ಗಾಳಿ ಸೋಮಾರಿ ಕಣಮ್ಮ. ಸಂದು ಸಿಕ್ಕಿದ್ರೆ ಅಲ್ಲೇ ನುಸುಳಿ ಹೋಗುತ್ತೆ, ಬಟ್ಟೆ ಕಡೆ ಬರೋದೇ ಇಲ್ಲ. ಸಂದು ಮುಚ್ಚಿದ್ರೆ ಕೆಲಸ ಮಾಡುತ್ತೆ."

ತಂಪಣ್ಣ ಇದೇ ವಿಷಯದ ಮೇಲೆ ನಲವತ್ತೆರಡು ಪುಟದ ವರದಿ ಬರೆದಿದ್ದ. ಅಧಿಕಾರಿ ಅತ್ತೆಯ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡರು. ಫ್ಯಾನು ಜೋರಾಗಿರಬೇಡವೇ ಎಂದು ಕೇಳಿದರು.

"ಬೇಡ. ಜೋರಾದ್ರೆ ಬಟ್ಟೆ ಹಾರುತ್ತೆ ಅಷ್ಟೇ. ಬಿಸಿ ಇದ್ರೆ ನಿಧಾನದ ಗಾಳಿನೇ ಸಾಕು," ಎಂದರು ಅತ್ತೆ.

ಗಾಳಿ ನಿಧಾನವಾಯಿತೆಂದು ಹದಿನಾಲ್ಕು ಜನರನ್ನು ಕಟ್ಟಿಕೊಂಡು ಮೆರವಣಿಗೆ ಬಂದವರು ಇವರೇ. ತಂಪಣ್ಣ ಅತ್ತೆಯ ಮುಖ ನೋಡಿದ. ಅಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದು ಡ್ರೈಯರ್ ಕೆಟ್ಟರೆ ಇನ್ನೊಂದು ಸಿದ್ಧವಿರಬೇಕೆಂದು ತಾವು ಹೇಗೆ ಹಟ ಹಿಡಿದಿದ್ದರೆಂಬುದನ್ನು ಅವರು ಆಗಲೇ ಹೇಳತೊಡಗಿದ್ದರು. ಅಧಿಕಾರಿ ಪುಟ ತಿರುವುತ್ತಿದ್ದರು. ತಂಪಣ್ಣ ಎರಡು ಸಲ ನಡುವೆ ಬಾಯಿ ಹಾಕಲು ಹೋದ. ಎರಡು ಸಲವೂ ಅತ್ತೆ ಅವನ ಕೈಗೆ ಒಣಗಿದ ಬೆಡ್‌ಶೀಟು ಕೊಟ್ಟು ಮಡಿಸಲು ಹೇಳಿದರು. ಅವನು ಮಡಿಸಿದ. ಮೂಲೆ ಸರಿಯಾಗಿಲ್ಲವೆಂದು ಬಿಚ್ಚಿಸಿ ಮತ್ತೆ ಮಡಿಸಲು ಹೇಳಿದರು.

ಮೂರು ಗಂಟೆಗೆ ಬ್ಯಾಂಡಿನವರು ಗರಿಗರಿ ಕೋಟು ತೊಟ್ಟು ಹೊರಟರು. ಡೋಲಿನವನ ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಗೇಣುದ್ದ ಬೆಳೆದಿತ್ತು.

ನಾಲ್ಕೂವರೆಗೆ ಮ್ಯಾನೇಜರು ಎಲ್ಲರನ್ನೂ ಸಭೆಯ ಕೋಣೆಗೆ ಕರೆದರು. ತಂಪಣ್ಣ ರಾಜೀನಾಮೆಯ ಕಾಗದವನ್ನು ಮನಸ್ಸಿನಲ್ಲೇ ಬರೆದುಕೊಂಡು ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತ. ಮ್ಯಾನೇಜರ ಮುಖ ಮಾತ್ರ ಹಬೆಯಾಡುವ ಇಡ್ಲಿಯಂತೆ ಅರಳಿತ್ತು. ಪ್ರಮಾಣಪತ್ರ ಬಂದಿತ್ತು, ಅದೂ ಮೊದಲ ದರ್ಜೆಯದು. ಅವರು ವರದಿಯನ್ನು ಓದಿದರು. ವಿಶ್ವಾಸಾರ್ಹತೆಯ ವಿಭಾಗದಲ್ಲಿ ಪೂರ್ಣ ಅಂಕ, ಯಾಕೆಂದರೆ ಅಧಿಕಾರಿಯ ಕಣ್ಣೆದುರಿಗೇ ಫ್ಯಾನು ನಿಲ್ಲಿಸಿ ತೋರಿಸುವ ಧೈರ್ಯ ಯಾವ ಸೆಂಟರಿನವರಿಗೂ ಇರಲಿಲ್ಲ. ವಿದ್ಯುತ್ ಉಳಿತಾಯ ತೃಪ್ತಿಕರ. ಪೋಲಾಗುವ ಶಾಖದ ಮರುಬಳಕೆಯ ವಿಭಾಗದಲ್ಲಂತೂ ಅಧಿಕಾರಿಗೆ ಮಾತೇ ಸಾಲದಾಗಿತ್ತು. ದೊಡ್ಡ ದೊಡ್ಡ ಸಂಸ್ಥೆಗಳು ಇನ್ನೂ ಯೋಚಿಸುತ್ತಿರುವುದನ್ನು ಇಲ್ಲಿ ಒಂದು ಹಗ್ಗ ಮತ್ತು ಕ್ಲಿಪ್ಪುಗಳಿಂದ ಮಾಡಿದ್ದಾರೆ ಎಂದು ಬರೆದಿದ್ದರು.

ತಂಪಣ್ಣ ಹಿಂದಿನ ಕುರ್ಚಿಯಿಂದ ಎದ್ದು ಮುಂದಿನ ಕುರ್ಚಿಗೆ ಬಂದ.

ಒಂದು ಷರತ್ತಿದೆ ಎಂದರು ಮ್ಯಾನೇಜರು. ಈ ಒಣಗಿಸುವ ವ್ಯವಸ್ಥೆ ದಿನವೂ ನಡೆಯಬೇಕು, ಮತ್ತು ಗಾಳಿಯ ಸ್ವಭಾವ ಬಲ್ಲವರೊಬ್ಬರು ಮುಖ್ಯ ಎಂಜಿನಿಯರ್ ಜಾಗದಲ್ಲಿ ಕೂತು ಅದನ್ನು ನೋಡಿಕೊಳ್ಳಬೇಕು. ತಂಪಣ್ಣ ಕಾಲರ್ ಸರಿಮಾಡಿಕೊಂಡ. ಪಕ್ಕದವನು ಮೆಲ್ಲನೆ ಅವನ ಬೆನ್ನು ತಟ್ಟಿದ. ಯಾರು ಎಂಬುದನ್ನೂ ಅಧಿಕಾರಿಯವರೇ ಸೂಚಿಸಿದ್ದಾರೆ, ಡಿಗ್ರಿ ಇಲ್ಲದ್ದರಿಂದ ಹುದ್ದೆಯ ಹೆಸರನ್ನು ಮುಖ್ಯ ಸಲಹೆಗಾರರು ಎಂದು ಬದಲಾಯಿಸಿದ್ದೇವೆ, ಮೂವತ್ತು ವರ್ಷದ ಅನುಭವಸ್ಥರು ಈಗಾಗಲೇ ಒಪ್ಪಿಕೊಂಡು ಸಹಿಯನ್ನೂ ಹಾಕಿದ್ದಾರೆ ಎಂದು ಮ್ಯಾನೇಜರು ಮುಂದುವರಿಸಿದರು.

ಬೆನ್ನಿನ ಮೇಲಿದ್ದ ಕೈ ನಿಧಾನವಾಗಿ ಹಿಂದೆ ಸರಿಯಿತು.

"ಅವ್ರ ಕೈಕೆಳಗೆ ಒಬ್ರು ಬೇಕು," ಎಂದರು ಮ್ಯಾನೇಜರು ತಂಪಣ್ಣನ ಕಡೆ ಪ್ರೀತಿಯಿಂದ ನೋಡಿ. "ನೀವಿದ್ದೀರಲ್ಲ. ಅಭ್ಯಾಸವೂ ಇದೆ."

ತಂಪಣ್ಣ ಕಾರಿಡಾರಿನ ತುದಿಗೆ ನಡೆದ. ಬಾಗಿಲಿದ್ದ ಆ ಕೋಣೆಯ ಬಾಗಿಲು ಆಗಲೇ ಹಾರುಹೊಡೆದಿತ್ತು. ಒಳಗೆ ಅತ್ತೆ ಕುರ್ಚಿಯನ್ನು ಕಿಟಕಿಗೆ ಎದುರಾಗಿ ತಿರುಗಿಸಿಕೊಂಡು ಕೂತಿದ್ದರು. ಗಾಳಿ ಓಡಾಡಲೆಂದು ಬಾಗಿಲನ್ನು ಇನ್ನು ಮೇಲೆ ಮುಚ್ಚುವುದಿಲ್ಲವೆಂದು ಹೇಳಿದರು. ನಾಳೆಯಿಂದ ಎಂಟಕ್ಕೆ ಬರಬೇಕೆಂದರು. ಅವನ ವಾಡಿಕೆ ಒಂಬತ್ತು.

"ಆಗ್ಲಿ ಅತ್ತೆ," ಎಂದ.

"ಆಫೀಸಲ್ಲಿ ಅತ್ತೆ ಅನ್ಬೇಡಿ ಅಳಿಯಂದ್ರೇ, ನಾಲ್ಕು ಜನ ಕೇಳಿಸ್ಕೋತಾರೆ. ಮೇಡಂ ಅನ್ನಿ."

"ಸರಿ ಮೇಡಂ." ತಂಪಣ್ಣ ಕೊನೆಯ ಆಸೆಯಿಂದ ಕೇಳಿದ. "ಮನೇಲಿ?"

ಅತ್ತೆ ನಿಜವಾಗಿಯೂ ಯೋಚಿಸಿದರು.

"ಮನೇಲೂ ಅದೇ ಇರ್ಲಿ," ಎಂದರು. "ಇಲ್ಲಾಂದ್ರೆ ನಿಮ್ಗೆ ರೂಢಿ ತಪ್ಪುತ್ತೆ."