ಕಾರು ಸುರಿದು ತೋರಿಸಿ!

ನಮ್ಮ ಭಾವನ ಮುಂದೆ ದೇವರೇ ಪ್ರತ್ಯಕ್ಷನಾಗಿ "ಒಂದು ವರ ಕೇಳಪ್ಪ" ಅಂದರೆ ಭಾವ ಏನನ್ನುತ್ತಾರೆ ಗೊತ್ತೇ? "ಒಂದೇನಾ? ಮೂರ್ ಮಾಡು, ಎರಡ್ಕ ಮುಗಿಸ್ಕೊಳನ!"

ಬಸ್ ಕಂಡಕ್ಟರನ ಹತ್ತಿರ ಟಿಕೆಟ್ಟಿಗೆ ಚೌಕಾಸಿ ಮಾಡಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. "ತಾಳವಾಡಿಯಿಂದ ನಿಂತ್ಕಂಡೇ ಬಂದಿವ್ನಿ, ಸೀಟಿನ ಕಾಸು ವಾಪಸ್ ಕೊಡಿ" ಎಂದು ಭಾವ ಕೈ ಚಾಚಿದ್ದರು. ಕಂಡಕ್ಟರೂ ಕಡಿಮೆಯವನಲ್ಲ. "ಕಂಬಿ ಹಿಡ್ಕೊಂಡಿದ್ರಲ್ಲ, ಅದಕ್ಕೆ ಬಾಡಿಗೆ ಸರಿಹೋಯ್ತು" ಎಂದುಬಿಟ್ಟ. ಭಾವ ಸೋತದ್ದು ಅದೊಂದು ಸಲ.

ಇಂಥವರು ಕಾರು ಕೊಳ್ಳಲು ಹೊರಟರು. ಕಾರಣ ನಮ್ಮಕ್ಕ.

ಎರಡು ವರ್ಷದ ಹಿಂದೆ ಅಕ್ಕ ಭಾವನ ಊರಾದ ಪಣಕಹಳ್ಳಿಯ ಹೊಲದ ಬದುವಿನಲ್ಲಿ ಜಾರಿ ಬಿದ್ದು, ಮೊಣಕಾಲಿಗೆ ರಾಡು ಹಾಕಿಸಿಕೊಂಡಳು. ಆ ಕಾಲು ಸರಿಯಾಗಿ ಮಡಿಸಲು ಬರುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾರಳು, ಬೈಕಿನ ಹಿಂದೆ ಕೂರಲಾರಳು. ನನ್ನ ಗೂಡ್ಸ್ ಗಾಡಿಯ ಕ್ಯಾಬಿನ್ನಂತೂ ಅವಳಿಗೆ ತೆಂಗಿನಮರ! ಗೆಟ್ಟವಾಡಿಯ ತವರಿಗೆ, ಎಂದರೆ ನಮ್ಮ ಮನೆಗೆ, ಅವಳು ಬಾರದೆ ಎರಡು ಗೌರಿ ಹಬ್ಬ ಕಳೆದಿದ್ದವು. ಬಾಗಿನವನ್ನು ನಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದೆ. ಬಾಡಿಗೆ ಕಾರು ಮಾಡೋಣವೆಂದರೆ ಒಪ್ಪಲಿಲ್ಲ. "ತವ್ರಿಗ ಬಾಡಿಗೆ ಗಾಡೀಲಿ ಓಗಕ್ಕ ನಾನೇನು ಎಣವಾ?" ಎಂದಳು. ಗಂಡನಿಗೆ ತಕ್ಕ ಹೆಂಡತಿ!

ಸರಿ, ಈ ಗೌರಿ ಹಬ್ಬಕ್ಕೆ ಅವಳು ಸ್ವಂತ ಕಾರಿನಲ್ಲೇ ತವರಿಗೆ ಹೋಗಬೇಕೆಂದು ಭಾವ ತೀರ್ಮಾನಿಸಿದರು. ಹಬ್ಬಕ್ಕೆ ಆಗ ಒಂದೂವರೆ ತಿಂಗಳಿತ್ತು.

ಸಲಹೆಗೆ ನಾನು. ಆರನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು, ನಿಜ. ಆದರೆ ಇಪ್ಪತ್ತೆರಡು ವರ್ಷದಿಂದ ದಿಂಬಂ ಘಾಟಿಯ ತಿರುವುಗಳಲ್ಲಿ ಕೋಸಿನ ಲೋಡು ಇಳಿಸುತ್ತಿದ್ದೇನೆ, ಇದುವರೆಗೆ ಒಂದು ಕೋಸು ಉರುಳಿ ಬಿದ್ದಿಲ್ಲ. ಎಂಜಿನ್ನಿನ ಕೆಮ್ಮು ಕೇಳಿ ಅದರ ಕಾಯಿಲೆ ಹೇಳಬಲ್ಲೆ. ಭಾವ ನನ್ನನ್ನು ಎಲ್ಲ ಕಡೆಗೂ ಕರೆದುಕೊಂಡು ಹೋದರು. ಒಂದು ಸಲಹೆಯನ್ನೂ ಕೇಳಲಿಲ್ಲ, ಆ ಮಾತು ಬೇರೆ!

ಮೊದಲು ಚಾಮರಾಜನಗರ. ಷೋರೂಮಿನಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ನೀರು ಕೊಟ್ಟ, ಕಾಫಿ ಕೊಟ್ಟ, ಕೊನೆಗೆ ರೇಟಿನ ಹಾಳೆ ಕೊಟ್ಟ. ಕಾರಿನ ಬೆಲೆಯ ಕೆಳಗೆ ಇನ್ಶೂರೆನ್ಸು, ಅದರ ಕೆಳಗೆ ಹ್ಯಾಂಡ್ಲಿಂಗ್ ಚಾರ್ಜು, ಅದರ ಕೆಳಗೆ ಸೀಟ್ ಕವರು, ಮ್ಯಾಟು... ಬಾಲ ಬೆಳೆಯುತ್ತಲೇ ಹೋಗಿತ್ತು. ಭಾವ ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ತೊಡೆ ತಟ್ಟಿದರು.

"ಲಾ, ಇದು ನಮ್ ಮಂಡಿ ಚೀಟಿ ಕಣ್ಲಾ!"

ನೋಡಿದರೆ ಹೌದು! ಭಾವ ಮೂವತ್ತು ವರ್ಷದಿಂದ ತರಕಾರಿ ಮಂಡಿಗೆ ಕೋಸು, ಟೊಮೇಟೊ ಹಾಕುವವರು. ಅಲ್ಲಿಯ ಚೀಟಿಗೂ ಇಂಥದೇ ಬಾಲ. ಕಮಿಷನ್ನು, ಇಳಿಸಿದ ಕೂಲಿ, ಕೊಳೆತದ್ದರ ಲೆಕ್ಕಕ್ಕೆ ಮೂಟೆಗೆ ಇಷ್ಟು ಕೆಜಿ ವೇಸ್ಟು.

"ಅಲ್ಲಿ ನಾನು ಮಾರೋನು ಅಂತ ಕಳೀತರ, ಇಲ್ಲಿ ಕೊಳ್ಳೋನು ಅಂತ ಕೂಡ್ತೀರ. ಎರಡ್ ಕಡೇಲೂ ನಾನೇ ಸಿಕ್ಕುದ್ನೇನಪ್ಪ? ಇವತ್ತು ಕೊಳ್ಳೋನು ನಾನು. ವೇಸ್ಟು ಕಳಿ."

"ಸಾರ್, ಹೊಸ ಕಾರಲ್ಲಿ ವೇಸ್ಟ್ ಎಲ್ಲಿರುತ್ತೆ?"

"ಮೂಟ ಬಾಯ್ ನೋಡಿ ಎಂಗೇಳದು? ಮೇಲ್ಗಡ ಒಳ್ಳೇ ಕೋಸೇ ಇರ್ತದ. ಸುರುದು ತೋರ್ಸು."

"ಏನನ್ನ ಸಾರ್?"

"ಕಾರ್ನ!"

ಪಾಪ, ಅವನು ಸುರಿಯುವುದಾದರೂ ಹೇಗೆ? ಭಾವನೇ ಮಿರಿಮಿರಿ ಮಿಂಚುವ ನೆಲಕ್ಕೆ ಟವೆಲು ಹಾಸಿ, ಅಂಗಾತ ಮಲಗಿ, ಕಾರಿನ ಅಡಿಗೆ ನುಸುಳಿದರು. ಅದೇ ಹೊತ್ತಿಗೆ ಪಕ್ಕದ ಕಾರಿನ ಮುಂದೆ ಹಾರ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದ ಗಂಡಹೆಂಡಿರ ಚಿತ್ರದಲ್ಲಿ ಇವತ್ತಿಗೂ ನಮ್ಮ ಭಾವನ ಎರಡು ಪಾದಗಳಿರಬೇಕು! ಹೊರಗೆ ಬಂದವರು, "ಒಂದ್ ಬೊಗ್ಸ ಮಣ್ಣದ. ಇದ್ನ ಯಾರ್ ಲೆಕ್ಕಕ್ಕ ಬರೀತೀಯ?" ಎಂದರು. ಹ್ಯಾಂಡ್ಲಿಂಗ್ ಚಾರ್ಜು ಅಲ್ಲೇ ಉದುರಿತು.

ಅವನು ಸೋತು, "ಕಾರು ನಿಮ್ಮ ಮನೆ ಬಾಗಿಲಿಗೇ ತರ್ತೀವಿ ಸಾರ್, ಓಡ್ಸಿ ನೋಡಿ, ಫ್ರೀ" ಎಂದ. ಫ್ರೀ! ಆ ಮಾತನ್ನು ಅವನು ಆಡಬಾರದಿತ್ತು.

ಮಾರನೆಯ ವಾರ ಕಾರು ಪಣಕಹಳ್ಳಿಗೆ ಬಂತು. ಅಕ್ಕ ಊರುಗೋಲು ಊರಿಕೊಂಡು ಬಂದು ಬಾಗಿಲಲ್ಲಿ ಇಣುಕಿದಳು. ಸೀಟು ನೆಲಕ್ಕೆ ಅಂಟಿಕೊಂಡಂತಿತ್ತು. "ಇದು ರಾಗಿ ತುಂಬೋ ಅಗೇವಿನ ಗುಂಡಿ ಇದ್ದಂಗದ. ಇಳುದ್ರ ಮೇಲ್ಕ ಬರಕ್ಕ ಅಗ್ಗ ಬೇಕು" ಎಂದಳು. ಕಾರು ಬಂದ ದಾರಿಯಲ್ಲೇ ಹೋಯಿತು.

ಆಮೇಲೆ ಘಾಟಿ ಇಳಿದು ತಮಿಳು ಸೀಮೆಯ ಸತ್ಯಮಂಗಲ. ಭಾವನಿಗೆ ತಮಿಳು ಚೆನ್ನಾಗಿ ಬರುತ್ತದೆ. ಆದರೆ ಅಲ್ಲಿ ಅವರದು ಒಂದು ತಂತ್ರ. ಮಾತುಕತೆಯೆಲ್ಲ ತಮಿಳಿನಲ್ಲಿ, ಗುಟ್ಟು ಮಾತ್ರ ನನ್ನೊಡನೆ ಕನ್ನಡದಲ್ಲಿ. ಬೆಳಗ್ಗೆ ಹತ್ತರಿಂದ ಸೇಲ್ಸ್‌ಮನ್ನಿನ ಎದುರೇ ಕೂತು, ಅವನ ಮುಖ ನೋಡಿಕೊಂಡೇ, ಜೋರಾಗಿ ಗುಟ್ಟು ಹೇಳುತ್ತಿದ್ದರು.

"ಇವ್ನು ಮೆತ್ತಗವ್ನ ಕಣ್ಲಾ. ಇನ್ನೊಂಚೂರು ಒತ್ತುದ್ರ ಮೂವತ್ತು ಸಾವ್ರ ಇಳಿಸ್ತನ. ನೀನು ಎದ್ದೋಗೋನಂಗ ಮಾಡು, ನಾನು ಕೂತ್ಕೊಳಂಗ ಮಾಡ್ತೀನಿ."

ನಾನು ಎದ್ದೆ. ಸೇಲ್ಸ್‌ಮನ್ ಅಚ್ಚ ಕನ್ನಡದಲ್ಲಿ, "ಕೂತ್ಕೊಳ್ಳಿ ಅಣ್ಣ. ಎಷ್ಟು ಒತ್ತಿದ್ರೂ ಇಪ್ಪತ್ತೇ ಬರೋದು" ಎಂದ. ಅವನ ಮನೆಮಾತೇ ಕನ್ನಡ! ನಾನು ನೆಲ ನೋಡಿದೆ. ಭಾವ ನಾಚಿದರೇ? "ನಮ್ಮೋನೇ ಅಂದ್ಮೇಲ ಇಪ್ಪತ್ತೈದು ಮಾಡು!" ಎಂದರು.

ಅವನೂ ಒಂದು ಕಾರು ತಂದ. ಅಕ್ಕ ಹೇಗೋ ಒಳಗೆ ಕೂತಳು, ಇಳಿಯುವುದಕ್ಕೆ ಮಾತ್ರ ಆಗಲಿಲ್ಲ. ಭಾವ ಆ ಕಡೆಯಿಂದ ತಳ್ಳಿ, ನಾನು ಈ ಕಡೆಯಿಂದ ಎಳೆದು, ಬೀದಿಯೆಲ್ಲ ಬಂದು ಸಲಹೆ ಕೊಟ್ಟು, ಅಂತೂ ಹೊರಗೆ ತಂದೆವು. ಅಕ್ಕ ನಗುತ್ತಲೇ ಇದ್ದಳು, ಆಮೇಲೆ ಒಳಗೆ ಹೋಗಿ ಸುಮಾರು ಹೊತ್ತು ಈಚೆ ಬರಲಿಲ್ಲ. ಪಕ್ಕದ ಮನೆಯ ಅಜ್ಜಿ ಬಿಡುತ್ತಾಳೆಯೇ? "ಓದ್ವಾರ ಬಿಳೀದು, ಈ ವಾರ ಕೆಂಪುಂದು. ಮುಂದಿನ್ ವಾರ ನಮ್ನೂ ಸಂತಗ ಬುಟ್ಬುಡಪ್ಪ!"

ನನಗೂ ಅನುಮಾನ ಹತ್ತಿತು. ಹಬ್ಬಕ್ಕೆ ಹನ್ನೆರಡೇ ದಿನ. "ಬಾವ, ಕೊಳ್ಳೋ ಮನಸಾದ್ರೂ ಅದಾ, ಇಲ್ಲ ಫ್ರೀಯಾಗ್ ನೋಡದೇನಾ?" ಎಂದೆ.

"ನೀನು ಎಂಜಿನ್ನು ನೋಡ್ಲಾ ಬಾಮೈದ. ಕಾಲು ನಾನ್ ನೋಡ್ಕತೀನಿ."

ಸತ್ಯಮಂಗಲದವನು ಮತ್ತೊಂದು ಕಾರು ತಂದ. ಇದು ಎತ್ತರದ್ದು, ಬೆಲೆಯೂ ಎತ್ತರದ್ದೇ. ಭಾವ ಅವನನ್ನು ಊಟಕ್ಕೆ ಕೂರಿಸಿ, ಮುದ್ದೆಯ ಮೇಲೆ ಮುದ್ದೆ ಬಡಿಸಿದರು. ಅತಿಥಿ ಸತ್ಕಾರ ಅಂದುಕೊಂಡಿರಾ? ಕಾಡಿನ ಚೆಕ್‌ಪೋಸ್ಟ್ ಮುಚ್ಚುವುದರೊಳಗೆ ಅವನು ಘಾಟಿ ಇಳಿಯಬೇಕು. ಹೊತ್ತು ಇಳಿದಂತೆ ರೇಟೂ ಇಳಿಯುತ್ತದೆ ಎಂಬುದು ಭಾವನ ಲೆಕ್ಕ! ಇಳಿಯುತ್ತಲೂ ಇತ್ತು. ಕೊನೆಯ ಹತ್ತು ಸಾವಿರ ಉಳಿದಿತ್ತು. ಅವನು ಬಿಸಿಲು ನೋಡುತ್ತಾನೆ, ವಾಚು ನೋಡುತ್ತಾನೆ. ಮ್ಯಾನೇಜರನ್ನು ಕೇಳಲು ಮೊಬೈಲು ತೆಗೆದ. ಭಾವ ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ, ಈ ಕಾರು ಕೊಂಡರೆಷ್ಟು ಬಿಟ್ಟರೆಷ್ಟು ಅನ್ನುವ ಮುಖ ಮಾಡಿಕೊಂಡು ಕೂತಿದ್ದರು.

ಯಾರೂ ಕರೆದಿರಲಿಲ್ಲ, ಅಕ್ಕನೇ ಎದ್ದು ಕಾರಿನ ಹತ್ತಿರ ಹೋದಳು. ಬಾಗಿಲು ತೆಗೆದಳು. ಸೀಟಿಗೆ ಬೆನ್ನು ಕೊಟ್ಟು ಮೊದಲು ಕೂತಳು, ಆಮೇಲೆ ಎರಡೂ ಕೈಯಿಂದ ತನ್ನ ಕಾಲನ್ನು ಎತ್ತಿ ಒಳಗಿಟ್ಟುಕೊಂಡಳು. ನಾನು ಓಡಲು ಹೋದೆ, ಭಾವ ನನ್ನ ತೋಳು ಹಿಡಿದು ನಿಲ್ಲಿಸಿದರು. ಅಕ್ಕ ಇಳಿದಳು. ಮತ್ತೆ ಹತ್ತಿದಳು. ಯಾರ ಕೈಯೂ ಸೋಕಲಿಲ್ಲ.

"ನಾನ್ ಇಳಿಯಲ್ಲ" ಎಂದಳು ಒಳಗಿನಿಂದ. "ಅಬ್ಬ ಗಿಬ್ಬ ಅಂತ ಕಾಯಲ್ಲ. ಗೆಟ್ಟವಾಡಿಗ ನಡೀರಿ."

ಭಾವ ಎದ್ದು ನಿಂತಿದ್ದರು. ಮಡಿಚಿದ ಎಲೆ ಕೈಯಲ್ಲೇ ಇತ್ತು. ಮೂವತ್ತು ವರ್ಷ ಮಂಡಿಯಲ್ಲಿ ಯಾರಿಗೂ ತೋರಿಸದ ಮುಖ ಅದು. ಕಣ್ಣು ತುಂಬಿ, ಬಾಯಿ ಅರ್ಧ ತೆರೆದು, ಎಲ್ಲವೂ ಬಯಲು! ಸೇಲ್ಸ್‌ಮನ್ ಆ ಮುಖವನ್ನೊಮ್ಮೆ ನೋಡಿ, ಮೊಬೈಲನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಬುದ್ಧಿವಂತ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

"ಅಣ್ಣ, ಆ ಹತ್ತು ಸಾವಿರ..." ಎಂದ.

"ಆಯ್ತು ಬುಡು, ಕೊಡ್ತೀನಿ" ಎಂದರು ಭಾವ. ಅವನ ಕಡೆ ತಿರುಗಲೂ ಇಲ್ಲ. ಅವನು ಕಾರಿನ ಬಾಗಿಲು ಮುಚ್ಚಲು ಕೈ ಹಾಕಿದ ಮೇಲಷ್ಟೇ ಭಾವ ದನಿ ಎತ್ತಿದ್ದು.

"ತಡಿ ತಡಿ, ನೀನ್ ಆಕ್ಬೇಡ. ನಾನ್ ಆಕ್ತೀನಿ. ಅವಳ್ ಸೆರಗು ಈಚ್ಗದ."