ಅಯೋವಾಕ್ಕೊಂದು ಸಮುದ್ರ ಬೇಕಾಗಿದೆ

ರಾಜ್ಯ ಸೆನೆಟರ್ ಗಾರ್ತ್ ಹಾಲ್ವರ್ಸನ್ ಅವರ ಸನ್ನಿಧಿಗೆ,

ಮಾನ್ಯರೇ,

ಎಲ್ಕ್ ಬೆಂಡ್ ಊರಿನ ಲೂಥರನ್ ಚರ್ಚಿನ ಅಡುಗೆಮನೆಯಿಂದ, ಹಿಟ್ಟು ಮೆತ್ತಿದ ಕೈ ಒರೆಸಿಕೊಂಡು, ಆರ್ಡಿಸ್ ಕ್ನುಟ್ಸನ್ ಎಂಬ ತಮ್ಮ ಮತದಾರಳು ಮಾಡುವ ನಮಸ್ಕಾರಗಳು. ಮನೆಯಲ್ಲಿ ಮಾಡಿದ ಪೈಗಳನ್ನು ಯಾರೂ ಮಾರದಂತೆ ತಾವು ಮಂಡಿಸಿರುವ ಮಸೂದೆಯನ್ನು ಕನ್ನಡಕ ಏರಿಸಿಕೊಂಡು ಓದಿ, ತಮ್ಮ ದೂರದೃಷ್ಟಿಗೆ ಮಾರುಹೋಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಚರ್ಚಿನ ಶುಕ್ರವಾರದ ಊಟದಲ್ಲಿ ಮಾರುವ, ಸೇಬಿನ ಹೂರಣ ತುಂಬಿ ಬೇಯಿಸಿದ ಪೈಯ ಹಣದಿಂದಲೇ ಊರಿನ ಆಂಬುಲೆನ್ಸ್ ಓಡುತ್ತದೆ ಎಂಬುದು ತಮಗೆ ಗೊತ್ತಿರುವುದೇ. ಹೋದ ಚಳಿಗಾಲ ನನ್ನ ಗಂಡ ವೆಂಡೆಲ್ ಎದೆ ಹಿಡಿದುಕೊಂಡು ಕೊಟ್ಟಿಗೆಯಲ್ಲಿ ಕುಸಿದಾಗ ಹಿಮ ಸೀಳಿಕೊಂಡು ಬಂದದ್ದು ಅದೇ ಗಾಡಿ. ನನ್ನ ಪೈಗೆ ಸಕ್ಕರೆ ಕಡಿಮೆಯಾಯಿತೆಂದು ಅವರು ಈಗಲೂ ಗೊಣಗುತ್ತಾರೆ. ಆ ಗೊಣಗಾಟ ಕೇಳುವ ಭಾಗ್ಯ ನನಗೆ ಉಳಿದದ್ದು ಆ ಗಾಡಿಯಿಂದ. ಅದು ನಿಂತರೆ ನಾವು ದೇವರನ್ನೇ ನಂಬಿಕೊಳ್ಳಬೇಕು. ಇಂಥ ಅಪಾಯಕಾರಿ ಪೈಗಳಿಂದ ಜನರನ್ನು ಕಾಪಾಡಲು ಹೊರಟ ತಮಗೆ ಎಷ್ಟು ವಂದಿಸಿದರೂ ಕಡಿಮೆಯೇ.

ಮಸೂದೆ ಬರೆದವರು ತಾವಲ್ಲ, ಪ್ಯಾಕೆಟ್ ಪೈ ತಯಾರಕರ ಸಂಘದವರು ಎಂದು ಕೆಲವರು ಆಡಿಕೊಳ್ಳುತ್ತಿದ್ದಾರೆ. ನಾನು ನಂಬಲಿಲ್ಲ. ಆದರೆ ಸಮುದ್ರತೀರದಿಂದ ಎರಡು ಮೈಲಿಯೊಳಗಿನ ಚರ್ಚುಗಳಿಗೆ ಮಾತ್ರ ಈ ನಿಷೇಧದಿಂದ ವಿನಾಯಿತಿ ಎಂದು ಅದರಲ್ಲಿ ಬರೆದಿದೆ. ಯಾವ ಕರಾವಳಿ ರಾಜ್ಯಕ್ಕೆಂದು ಆ ಸಂಘದವರು ಹೊಲಿದ ಅಂಗಿಯೋ, ತಾವು ಗುಂಡಿಯನ್ನೂ ಬದಲಿಸದೆ ನಮಗೆ ತೊಡಿಸಿದ್ದೀರಿ. ನಮ್ಮ ಅಯೋವಾ ರಾಜ್ಯದ ನಾಲ್ಕು ದಿಕ್ಕಿಗೂ ಇರುವುದು ಮುಸುಕಿನ ಜೋಳ. ಆದಕಾರಣ ಅಯೋವಾಕ್ಕೊಂದು ಸಮುದ್ರ ಮಂಜೂರು ಮಾಡಿಸಬೇಕಾಗಿ ಪ್ರಾರ್ಥನೆ. ದೊಡ್ಡದೇ ಆಗಬೇಕೆಂದಿಲ್ಲ, ಚರ್ಚಿನ ಹಿಂದಿನ ತಗ್ಗಿನಲ್ಲಿ ಹಿಡಿಸುವಷ್ಟಾದರೆ ಸಾಕು, ಉಪ್ಪು ನಾವೇ ಹಾಕಿಕೊಳ್ಳುತ್ತೇವೆ.

ಎದುರು ಪಕ್ಷದವರಾದರೂ ವಿರೋಧಿಸಿಯಾರೆಂದು, ತಮ್ಮ ಕಚೇರಿಯಿಂದ ಅವರ ಕಚೇರಿಗೂ ಹೋಗಿದ್ದೆ. ಈ ಮಸೂದೆಯನ್ನು ತಮ್ಮ ಪಕ್ಷ ಉದ್ಯಮದ ಉಳಿವು ಎನ್ನುತ್ತದೆ, ಅವರ ಪಕ್ಷ ಗ್ರಾಹಕರ ರಕ್ಷಣೆ ಎನ್ನುತ್ತದೆ. ಎರಡೂ ಕಚೇರಿಗಳ ಮೇಜಿನ ಮೇಲಿದ್ದ ಔತಣದ ಆಹ್ವಾನ ಮಾತ್ರ ಆ ಒಂದೇ ಸಂಘದ್ದು. ಶಾಸನಸಭೆಯ ಗೋಡೆಗೆ ಯಾವ ಬಣ್ಣ ಬಳಿಯಬೇಕೆಂಬುದರಲ್ಲೂ ಕಚ್ಚಾಡುವ ತಮ್ಮಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸಿದ ಆ ಪುಣ್ಯಾತ್ಮರಿಗೆ ಶಾಂತಿ ಪ್ರಶಸ್ತಿ ಕೊಡಿಸಲು ತಾವೇ ಶಿಫಾರಸು ಮಾಡಬೇಕು.

ಎದುರು ಪಕ್ಷದ ಕಚೇರಿಯ ಕಾರ್ಯದರ್ಶಿ ಹೆಂಗಸು ಪಾಪ, ಒಳ್ಳೆಯವಳು. "ಒಬ್ಬೊಬ್ರೇ ಬಂದು ಹೇಳ್ಕೊಂಡ್ರೆ ಯಾರು ಕೇಳ್ತಾರಮ್ಮ? ನಿಮ್ದೂ ಒಂದು ಸಂಘ ಅಂತ ಇರ್ಬೇಕು," ಎಂದಳು. ಬುದ್ಧಿಮಾತು ತಲೆಗೆ ಹೋಯಿತು. ಹೋದ ಶುಕ್ರವಾರ ಎಲ್ಕ್ ಬೆಂಡ್ ಪೈ ಹೆಂಗಸರ ಸಂಘ ಹುಟ್ಟಿದೆ. ಔತಣ ಕೊಡಲು ನಮಗೆ ದೊಡ್ಡ ಹೋಟೆಲಿಲ್ಲ. ಆದರೆ ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಸಾವಾದರೂ ಮೊದಲು ಬಾಗಿಲು ತಟ್ಟುವವರು ನಾವು. ಮಂಗಳವಾರ ಮಸೂದೆ ಮತಕ್ಕೆ ಬರುವ ಮುಂಚೆ ಅದನ್ನು ಹಿಂತೆಗೆದುಕೊಳ್ಳಿ, ಇಲ್ಲವೇ ಸಮುದ್ರ ಕಳಿಸಿ.

ಜೋಳದ ಹೊಲದಲ್ಲಿ ಅಲೆಗಳಿಗಾಗಿ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಆರ್ಡಿಸ್ ಕ್ನುಟ್ಸನ್

ತಾ.ಕ.: ತಮ್ಮ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬ ಜೂನ್ ತಿಂಗಳ ಚುನಾವಣೆಯಲ್ಲಿ ತಮ್ಮೆದುರು ನಿಂತಿರುವ ಪಶುವೈದ್ಯೆಯ ಹೆಸರಿನ ಫಲಕಗಳನ್ನು ನಮ್ಮ ಸಂಘ ಮನೆಮನೆಯ ಅಂಗಳದಲ್ಲಿ ನೆಡುತ್ತಿದೆ. ತಮ್ಮ ತಾಯಿಯವರ ಮನೆ ಬಿಟ್ಟು ಮುಂದೆ ಹೋಗುತ್ತಿದ್ದೆವು. ಅವರೇ ಕೂಗಿ ಕರೆದರು. "ಒಂದು ಸಾಲ್ದು ಆರ್ಡಿಸ್, ಎರಡು ನೆಡು. ಭಾನುವಾರ ನನ್ ಮಗ ಊಟಕ್ಕೆ ಬರ್ತಾನೆ, ಯಾವ ಕಡೆಯಿಂದ ಬಂದ್ರೂ ಕಾಣ್ಲಿ," ಎಂದರು.